ಕುರಿಯ ಹಾಲು, ಮರಿಯ ಬಾಳು: ಊರಿನಲ್ಲೇ ದೊರೆಯುವ ಪೂರಕ ಮೇವನ್ನು ಕುರಿತು

2019ರ 20ನೇ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ಕುರಿಗಳ ಸಂಖ್ಯೆಯಲ್ಲಿ ತೆಲಂಗಾಣ ಹಾಗೂ ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮ ರಾಜ್ಯದ್ದು. ಬಳ್ಳಾರಿ, ದಖನಿ, ಕೆಂಗುರಿ, ಹಾಸನ ಹಾಗೂ ಬನ್ನೂರು ಎಂದೇ ಹೆಸರಾದ ಮಂಡ್ಯ ತಳಿ ಇವೆಲ್ಲವೂ ಬಯಲುಸೀಮೆಯ ಬಿಸಿಲಿಗೂ ಬರಕ್ಕೂ ಹೊಂದಿಕೊಂಡು ಬೆಳೆದ ತಳಿಗಳು. ಮಾಂಸ, ಗೊಬ್ಬರ ಮತ್ತು ಕೆಲವೆಡೆ ಉಣ್ಣೆ ಇವೇ ಕುರಿಗಾರರ ಆದಾಯದ ಮೂಲಗಳು. ಕುರಿಯ ಹಾಲಿನ ಮಾತು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಆದರೆ ಕುರಿಯ ಹಾಲಿಗೆ ನಮ್ಮ ಪ್ರತಿಯೊಂದು ಹಟ್ಟಿಯಲ್ಲಿಯೂ ಒಬ್ಬ ಗಿರಾಕಿ ಇದ್ದಾನೆ. ಆತನೇ ಮರಿ. ಹುಟ್ಟಿದ ಮೊದಲ ಮೂರು ನಾಲ್ಕು ವಾರ ಮರಿಗೆ ತಾಯಿಯ ಹಾಲಿನ ಹೊರತು ಬೇರೆ ಆಹಾರವಿಲ್ಲ. ಮರಿಯು ಒಂದು ಕಿಲೋ ತೂಕ ಹೆಚ್ಚಿಸಿಕೊಳ್ಳಲು ಸುಮಾರು ಐದು ಕಿಲೋ ಹಾಲು ಬೇಕು. ಹಾಲು ಸಾಲದಿದ್ದರೆ ಮರಿ ಸೊರಗುತ್ತದೆ. ಸೊರಗಿದ ಮರಿ ಚಳಿಗೆ, ಬೇಧಿಗೆ, ಕೆಮ್ಮಿಗೆ ಬಹುಬೇಗ ಬಲಿಯಾಗುತ್ತದೆ. ಇಪ್ಪತ್ತು ಕುರಿ ಸಾಕಿದ ಕುಟುಂಬದಲ್ಲಿ ನಾಲ್ಕು ಮರಿ ಸತ್ತರೆ ಆ ವರ್ಷದ ಆದಾಯದ ಐದನೆಯ ಒಂದು ಭಾಗ ಹೋದಂತೆಯೇ ಸರಿ. ಆದ್ದರಿಂದ ತಾಯಿಕುರಿಗೆ ನೀಡುವ ಪೂರಕ ಮೇವಿನ ಪ್ರಶ್ನೆಯು ಕುರಿಗಾರರ ಜೀವನೋಪಾಯದ ಪ್ರಶ್ನೆಯೂ ಆಗಿದೆ. ಆ ಮೇವಿನ ಬಹುಭಾಗವು ಊರಿನ ಕಣದಲ್ಲಿ, ಬದುವಿನಲ್ಲಿ ಹಾಗೂ ಗೋಮಾಳದಲ್ಲಿಯೇ ಇದೆ. ಇವುಗಳಲ್ಲಿ ಗೋಮಾಳದ ಮೇಲ್ವಿಚಾರಣೆಯಲ್ಲಿ ಗ್ರಾಮ ಪಂಚಾಯತಿಗೂ ಹೊಣೆಯಿದೆ. ಸದಸ್ಯರ ತಿಳಿವಳಿಕೆಗಾಗಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಹಾಲಿನಲ್ಲಿ ಏನಿದೆ? ಅದು ಎಲ್ಲಿಂದ ಬರುತ್ತದೆ?

ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 3.5ರಿಂದ 4 ಹಾಗೂ ಪ್ರೋಟೀನು ಶೇ. 3.2ರಿಂದ 3.5 ಇರುತ್ತದೆ. ಕುರಿಯ ಹಾಲಿನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ. 6ರಿಂದ 7.5 ಹಾಗೂ ಪ್ರೋಟೀನು ಶೇ. 5ರಿಂದ 6ರಷ್ಟು ಇರುತ್ತದೆ. ನೀರನ್ನು ಕಳೆದು ಉಳಿಯುವ ಘನಾಂಶವು ಹಸುವಿನ ಹಾಲಿನಲ್ಲಿ ಶೇ. 12ರಿಂದ 13 ಇದ್ದರೆ ಕುರಿಯ ಹಾಲಿನಲ್ಲಿ ಶೇ. 17ರಿಂದ 19. ಅಂದರೆ ಅಳತೆಯಲ್ಲಿ ಕಡಿಮೆಯಾದರೂ ಸತ್ವದಲ್ಲಿ ಇದು ಬಹಳ ಗಟ್ಟಿಯಾದ ಹಾಲು. ಇಂತಹ ಹಾಲನ್ನು ತಯಾರಿಸಲು ಕುರಿಯ ದೇಹವು ಅಷ್ಟೇ ಸತ್ವವನ್ನು ಮೇವಿನಿಂದ ಪಡೆಯಬೇಕಾಗುತ್ತದೆ.

ಕುರಿಯ ಮೊದಲ ಹೊಟ್ಟೆಯಲ್ಲಿ, ಅಂದರೆ ಮೆಲುಕು ಹಾಕುವ ದೊಡ್ಡ ಚೀಲದಲ್ಲಿ, ಅಸಂಖ್ಯಾತ ಸೂಕ್ಷ್ಮಜೀವಿಗಳು ನೆಲೆಸಿವೆ. ಹುಲ್ಲು ಮತ್ತು ಸೊಪ್ಪಿನ ನಾರನ್ನು ಅವು ಹುಳಿಯಿಸಿದಾಗ ಹುಟ್ಟುವ ಅಸಿಟಿಕ್ ಆಮ್ಲವು ಹಾಲಿನ ಕೊಬ್ಬಿಗೆ ಮುಖ್ಯ ಕಚ್ಚಾವಸ್ತು. ಧಾನ್ಯದ ಪಿಷ್ಟವನ್ನು ಹುಳಿಯಿಸಿದಾಗ ಹೆಚ್ಚಾಗಿ ಹುಟ್ಟುವ ಪ್ರೊಪಿಯಾನಿಕ್ ಆಮ್ಲವು ಹಾಲಿನ ಸಕ್ಕರೆಗೆ ಆಧಾರ. ಹಾಲಿನ ಪ್ರಮಾಣ ಹೆಚ್ಚಲು ಇದು ನೆರವಾಗುತ್ತದೆ. ಮೇವಿನ ಪ್ರೋಟೀನಿನ ಬಹುಪಾಲನ್ನು ಸೂಕ್ಷ್ಮಜೀವಿಗಳು ಬಳಸಿಕೊಂಡು ತಾವೇ ಬೆಳೆಯುತ್ತವೆ. ಮುಂದೆ ಅವು ಕರುಳಿನಲ್ಲಿ ಜೀರ್ಣವಾಗಿ ಕುರಿಗೆ ಪ್ರೋಟೀನು ಒದಗಿಸುತ್ತವೆ. ಹೀಗಾಗಿ ನಾರು, ಧಾನ್ಯ ಹಾಗೂ ಪ್ರೋಟೀನು ಈ ಮೂರೂ ಹದವಾಗಿ ದೊರೆತಾಗ ಮಾತ್ರ ಹಾಲು ಅಳತೆಯಲ್ಲಿಯೂ ಗುಣದಲ್ಲಿಯೂ ಉತ್ತಮವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಹಾಲು ಗಟ್ಟಿಯಾಗಿದ್ದರೆ ಕುರಿಗೆ ಮೇವು ಸಾಕಾಗಿದೆ ಎಂದು ಭಾವಿಸುವವರಿದ್ದಾರೆ. ಈದ ಹೊಸತರಲ್ಲಿ ಮೇವು ಸಾಲದ ಕುರಿಯು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲಿಗೆ ಸುರಿಯುತ್ತದೆ. ಆಗ ಹಾಲಿನ ಕೊಬ್ಬಿನ ಶೇಕಡಾವಾರು ಏರಬಹುದು. ಆದರೆ ಹಾಲಿನ ಒಟ್ಟು ಪ್ರಮಾಣ ಇಳಿಯುತ್ತದೆ, ತಾಯಿ ಬಡವಾಗುತ್ತದೆ, ಮರಿಯ ಹೊಟ್ಟೆ ತುಂಬುವುದಿಲ್ಲ. ಆದುದರಿಂದ ಹಾಲಿನ ಗಟ್ಟಿತನವನ್ನು ನೋಡಿ ಮೇವಿನ ವಿಚಾರವನ್ನು ನಿರ್ಧರಿಸಬಾರದು. ತಾಯಿಯ ಬೆನ್ನೆಲುಬಿನ ಮೇಲೆ ಕೈಯಾಡಿಸಿ ಮಾಂಸ ಎಷ್ಟಿದೆ ಎಂಬುದನ್ನು ತಿಳಿಯಬೇಕು; ಮರಿಯ ತೂಕವನ್ನು ವಾರಕ್ಕೊಮ್ಮೆ ನೋಡಬೇಕು.

ಈಯುವ ಮೊದಲು ಆರು ವಾರ, ನಂತರ ಆರು ವಾರ

ಕುರಿಯ ಗರ್ಭಾವಧಿ ಸುಮಾರು 150 ದಿನ. ಗರ್ಭದಲ್ಲಿರುವ ಮರಿಯ ತೂಕದ ಮೂರರಲ್ಲಿ ಎರಡು ಭಾಗ ಕೊನೆಯ ಆರು ವಾರಗಳಲ್ಲಿ ಬೆಳೆಯುತ್ತದೆ. ಕೆಚ್ಚಲು ತುಂಬುವುದೂ ಗಿಣ್ಣದ ಹಾಲು ಸಿದ್ಧವಾಗುವುದೂ ಇದೇ ಅವಧಿಯಲ್ಲಿ. ಆದರೆ ಬೆಳೆಯುತ್ತಿರುವ ಗರ್ಭವು ಹೊಟ್ಟೆಯ ಜಾಗವನ್ನು ಆಕ್ರಮಿಸುವುದರಿಂದ ಕುರಿಯು ತಿನ್ನಬಲ್ಲ ಒಣಮೇವಿನ ಪ್ರಮಾಣ ಕುಗ್ಗುತ್ತದೆ. ಬೇಡಿಕೆ ಏರುವಾಗ ಹೊಟ್ಟೆ ಚಿಕ್ಕದಾಗುವ ಈ ವೈಪರೀತ್ಯವೇ ಪೂರಕ ಮೇವಿನ ಅಗತ್ಯಕ್ಕೆ ಮೂಲ ಕಾರಣ. ಅವಳಿ ಮರಿಗಳನ್ನು ಹೊತ್ತ ಕುರಿಗೆ ಈ ವೇಳೆ ಮೇವು ತೀರ ಕಡಿಮೆಯಾದರೆ ಗರ್ಭನಂಜು ತಗುಲಿ ತಾಯಿ, ಮರಿಗಳೆರಡೂ ಸಾಯುವ ಅಪಾಯವಿದೆ.

ಗಿಣ್ಣದ ಹಾಲಿನ ಮಹತ್ವವನ್ನು ಎಷ್ಟು ಹೇಳಿದರೂ ಸಾಲದು. ಕುರಿಯ ಗರ್ಭಚೀಲದ ಮೂಲಕ ರೋಗನಿರೋಧಕ ಅಂಶಗಳು ಮರಿಗೆ ಹೋಗುವುದಿಲ್ಲ. ಅವು ಗಿಣ್ಣದ ಹಾಲಿನಿಂದಲೇ ದೊರೆಯಬೇಕು. ಮರಿಯ ಕರುಳು ಈ ಅಂಶಗಳನ್ನು ಹೀರಿಕೊಳ್ಳುವ ಶಕ್ತಿಯು ಗಂಟೆಗಂಟೆಗೂ ಕುಂದುತ್ತ ಸುಮಾರು 24 ಗಂಟೆಗಳಲ್ಲಿ ನಿಂತುಹೋಗುತ್ತದೆ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಮರಿಯು ಮೊಲೆ ಹಿಡಿಯಬೇಕು. ಮೊದಲ ದಿನದಲ್ಲಿ ತನ್ನ ತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣ ಕುಡಿಯಬೇಕು. ಎರಡೂವರೆ ಕಿಲೋ ತೂಗುವ ಮರಿಗೆ ಇದು ಸುಮಾರು 250 ಮಿ.ಲೀ. ಗರ್ಭದ ಕೊನೆಯ ವಾರಗಳಲ್ಲಿ ಅರೆಹೊಟ್ಟೆಯಲ್ಲಿದ್ದ ಕುರಿಯ ಕೆಚ್ಚಲಿನಲ್ಲಿ ಇಷ್ಟು ಗಿಣ್ಣವೂ ಇರುವುದಿಲ್ಲ.

ಈದ ನಂತರ ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಹಾಲು ಅತ್ಯಧಿಕ ಮಟ್ಟ ತಲುಪಿ ಕ್ರಮೇಣ ಇಳಿಯುತ್ತದೆ. ಹಾಗಾಗಿ ಮೊದಲ ಆರು ವಾರಗಳಲ್ಲಿ ನೀಡಿದ ಪೂರಕ ಮೇವು ಹೆಚ್ಚು ಫಲ ಕೊಡುತ್ತದೆ. ವರ್ಷವಿಡೀ ಹಿಂಡಿ ಕೊಳ್ಳುವ ಶಕ್ತಿ ಇಲ್ಲದ ಕುಟುಂಬವೂ ಈ ಒಟ್ಟು ಹನ್ನೆರಡು ವಾರಗಳಿಗೆ ಸಿದ್ಧತೆ ಮಾಡಿಕೊಳ್ಳಲು ಸಾಧ್ಯ.

ನಮ್ಮ ಹವಾಮಾನದ ಲೆಕ್ಕವನ್ನೂ ಇಲ್ಲಿ ಗಮನಿಸಬೇಕು. ಜನವರಿ, ಫೆಬ್ರವರಿಯಲ್ಲಿ ಗಬ್ಬ ಕಟ್ಟಿದ ಕುರಿಯು ಜೂನ್, ಜುಲೈ ತಿಂಗಳಲ್ಲಿ ಈಯುತ್ತದೆ. ಅದರ ಗರ್ಭದ ಕೊನೆಯ ಆರು ವಾರಗಳು ಮೇ, ಜೂನ್ ತಿಂಗಳಿಗೆ ಬರುತ್ತವೆ. ಅಂದರೆ ಗೋಮಾಳದಲ್ಲಿ ಹುಲ್ಲಿನ ಎಸಳು ಉಳಿದಿರದ, ಹೊಸ ಹುಲ್ಲು ಇನ್ನೂ ಚಿಗುರದ ಕಾಲ. ಆದರೆ ಆ ಕಾಲಕ್ಕೆ ಸರಿಯಾಗಿಯೇ ಜಾಲಿಯ ಕಾಯಿ ಬಲಿತು ಉದುರುತ್ತದೆ. ಅದನ್ನು ಆಯ್ದು ಸಂಗ್ರಹಿಸಿದರೆ ಮೇವಿನ ಕೊರತೆಯ ಒಂದು ಭಾಗ ನೀಗುತ್ತದೆ.

ಹಾಲಿಗಾಗಿಯೇ ಕುರಿ ಸಾಕುವ ನಾಡುಗಳ ಅನುಭವ

ತಾಯಿಕುರಿಯ ಮೇವು ಹಾಲಿನ ಗುಣವನ್ನು ಬದಲಿಸುತ್ತದೆ ಎಂಬುದಕ್ಕೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ದೀರ್ಘಕಾಲದ ಅನುಭವವಿದೆ. ಇಟಲಿಯ ಸಾರ್ಡೀನಿಯಾ ದ್ವೀಪದ ಸಾರ್ಡಾ ತಳಿಯ ಹಾಲಿನಿಂದ ಪೆಕೊರಿನೊ ಗಿಣ್ಣು, ಫ್ರಾನ್ಸಿನ ಲಕೋನ್ ತಳಿಯ ಹಾಲಿನಿಂದ ರೋಕ್‌ಫೋರ್ ಗಿಣ್ಣು ತಯಾರಾಗುತ್ತವೆ. ಗ್ರೀಸಿನ ಫೆಟಾ ಗಿಣ್ಣಿಗೆ ಕನಿಷ್ಠ ಶೇ. 70ರಷ್ಟು ಕುರಿಯ ಹಾಲೇ ಇರಬೇಕೆಂಬ ನಿಯಮವಿದೆ. ಹಸಿರು ಹುಲ್ಲುಗಾವಲಿನಲ್ಲಿ ಮೇದ ಕುರಿಗಳ ಹಾಲಿನಲ್ಲಿ ಆರೋಗ್ಯಕ್ಕೆ ಹಿತವಾದ ಒಮೆಗಾ-3 ವರ್ಗದ ಕೊಬ್ಬು ಒಣಮೇವು ತಿಂದ ಕುರಿಗಳ ಹಾಲಿಗಿಂತ ಹೆಚ್ಚಿರುತ್ತದೆ ಎಂಬುದನ್ನು ಅಲ್ಲಿನ ಸಂಶೋಧನೆಗಳು ತೋರಿಸಿವೆ. ಮಿತಪ್ರಮಾಣದಲ್ಲಿ ಅಗಸೆ ಕಾಳನ್ನು ಮೇವಿಗೆ ಸೇರಿಸಿದಾಗಲೂ ಇದೇ ಬಗೆಯ ಬದಲಾವಣೆ ಕಂಡುಬಂದಿದೆ.

ನಮ್ಮ ತಳಿಗಳು ಹಾಲಿನ ತಳಿಗಳಲ್ಲ. ಆ ದೇಶಗಳ ಪ್ರಮಾಣವನ್ನು ಇಲ್ಲಿ ಅನುಕರಿಸಬೇಕಾಗಿಯೂ ಇಲ್ಲ. ಆದರೆ ತಾಯಿಯ ಬಾಯಿಗೆ ಬಿದ್ದದ್ದು ಹಾಲಿನಲ್ಲಿ ಕಾಣುತ್ತದೆ ಎಂಬ ತತ್ವವು ಸಾರ್ಡಾ ಕುರಿಗೂ ದಖನಿ ಕುರಿಗೂ ಒಂದೇ.

ಊರಿನಲ್ಲೇ ಇರುವ ಪೂರಕ ಮೇವುಗಳು

ಕಾಳುಬೆಳೆಗಳ ಹೊಟ್ಟು: ಜೋಳದ ಕಣಕಿ ಮತ್ತು ಭತ್ತದ ಹುಲ್ಲಿನಲ್ಲಿ ಪ್ರೋಟೀನು ಕೇವಲ ಶೇ. 3ರಿಂದ 4ರಷ್ಟು. ಶೇಂಗಾ ಬಳ್ಳಿಯ ಹೊಟ್ಟಿನಲ್ಲಿ ಇದಕ್ಕಿಂತ ಎರಡು ಮೂರು ಪಟ್ಟು ಇರುತ್ತದೆ. ತೊಗರಿ, ಹುರುಳಿ, ಕಡಲೆಯ ಹೊಟ್ಟುಗಳೂ ಹುಲ್ಲಿಗಿಂತ ಮೇಲು. ಒಕ್ಕಣೆಯ ನಂತರ ಕಣದಲ್ಲಿಯೇ ಸುಡುವ ಅಥವಾ ಮಳೆಗೆ ಬಿಡುವ ಈ ಹೊಟ್ಟನ್ನು ನೆರಳಿನಲ್ಲಿ ಬಣವೆ ಹಾಕಿಟ್ಟರೆ ಬೇಸಗೆಯ ಗಬ್ಬದ ಕುರಿಗಳಿಗೆ ಅದೇ ಆಧಾರ.

ಮರದ ಸೊಪ್ಪು: ಚೊಗಚೆ, ಸುಬಾಬುಲ್, ಗೊಬ್ಬರದ ಗಿಡ ಹಾಗೂ ನುಗ್ಗೆಯ ಸೊಪ್ಪಿನಲ್ಲಿ ಒಣತೂಕದ ಲೆಕ್ಕದಲ್ಲಿ ಪ್ರೋಟೀನು ಶೇ. 20ರಿಂದ 25ರಷ್ಟು ಇದೆ. ನುಗ್ಗೆಯಲ್ಲಿ ಹಾಲಿಗೆ ಅವಶ್ಯವಾದ ಸುಣ್ಣದ ಅಂಶವೂ ಸಮೃದ್ಧ. ಗೊಬ್ಬರದ ಗಿಡದ ಸೊಪ್ಪಿನ ವಾಸನೆಗೆ ಕುರಿಗಳು ಮೊದಲು ಹಿಂಜರಿಯುತ್ತವೆ. ಅದನ್ನು ಕೊಯ್ದು ಒಂದು ದಿನ ಬಾಡಿಸಿ, ಬೇರೆ ಮೇವಿನೊಂದಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿ ಅಭ್ಯಾಸ ಮಾಡಿಸಬೇಕು.

ಜಾಲಿಯ ಕಾಯಿ: ಕರಿಜಾಲಿ ಮತ್ತು ಬಳ್ಳಾರಿ ಜಾಲಿಯ ಕಾಯಿಗಳಲ್ಲಿ ಪ್ರೋಟೀನು ಸುಮಾರು ಶೇ. 12ರ ಆಸುಪಾಸಿನಲ್ಲಿದೆ. ಬಳ್ಳಾರಿ ಜಾಲಿಯ ಕಾಯಿಯಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದರಿಂದ ಕುರಿಗಳು ಇಷ್ಟಪಟ್ಟು ತಿನ್ನುತ್ತವೆ. ಕರಿಜಾಲಿಯಲ್ಲಿ ಒಗರು ಅಂಶವಾದ ಟ್ಯಾನಿನ್ ಇದೆ. ಮಿತವಾದ ಟ್ಯಾನಿನ್ ಮೇವಿನ ಪ್ರೋಟೀನನ್ನು ಮೊದಲ ಹೊಟ್ಟೆಯಲ್ಲಿ ಕೊಳೆಯದಂತೆ ಕಾಪಾಡಿ ಕರುಳಿಗೆ ತಲುಪಿಸಲು ನೆರವಾಗುತ್ತದೆ. ಅತಿಯಾದರೆ ಮೇವು ರುಚಿಸದು, ಜೀರ್ಣವೂ ಆಗದು.

ಹಿಂಡಿ ಮತ್ತು ಕಾಳಿನ ಉಪೋತ್ಪನ್ನ: ಶೇಂಗಾ ಹಿಂಡಿಯಲ್ಲಿ ಪ್ರೋಟೀನು ಶೇ. 40ಕ್ಕೂ ಮಿಕ್ಕಿದೆ. ಬೇಳೆ ಗಿರಣಿಯ ತೊಗರಿ ಚುನಿ, ಗೋಧಿ ಬೂಸಾ, ಅಕ್ಕಿ ತೌಡು ಇವು ಅಗ್ಗವಾಗಿ ದೊರೆತಾಗ ಬಳಸಬಹುದು.

ಮೆಂತ್ಯ, ಶತಾವರಿ ಮುಂತಾದವನ್ನು ಹಾಲು ಹೆಚ್ಚಿಸಲೆಂದು ಬಳಸುವ ರೂಢಿ ಹಿಂದಿನಿಂದಲೂ ಇದೆ. ಅವುಗಳನ್ನು ಅಲ್ಪಪ್ರಮಾಣದಲ್ಲಿ ಕೊಡುವುದಕ್ಕೆ ಅಡ್ಡಿಯಿಲ್ಲ. ಆದರೆ ಹಸಿದ ಕುರಿಗೆ ಯಾವ ಪುಡಿಯೂ ಮೇವಿನ ಬದಲಿಯಾಗಲಾರದು. ಹಣವಿರುವುದು ಸ್ವಲ್ಪವೇ ಆದರೆ ಮೊದಲು ಹಿಂಡಿ ಮತ್ತು ಕಾಳಿಗೆ ವೆಚ್ಚ ಮಾಡುವುದು ವಿವೇಕ.

ಮಿಶ್ರಣದ ಲೆಕ್ಕ

ಮೇಲ್ಕಂಡ ವಸ್ತುಗಳಿಂದ ಹಟ್ಟಿಯಲ್ಲಿಯೇ ತಯಾರಿಸಬಹುದಾದ ನೂರು ಕಿಲೋ ಮಿಶ್ರಣದ ಮಾದರಿ ಹೀಗಿದೆ.

ಒಡೆದ ಮೆಕ್ಕೆಜೋಳ ಅಥವಾ ಸಜ್ಜೆ: 35 ಕಿಲೋ
ತೊಗರಿ ಚುನಿ: 22 ಕಿಲೋ
ಶೇಂಗಾ ಹಿಂಡಿ: 20 ಕಿಲೋ
ಜಾಲಿಕಾಯಿಯ ಹಿಟ್ಟು: 20 ಕಿಲೋ
ಕುರಿಗಳಿಗೆಂದೇ ತಯಾರಿಸಿದ ಖನಿಜ ಮಿಶ್ರಣ: 2 ಕಿಲೋ
ಅಡುಗೆ ಉಪ್ಪು: 1 ಕಿಲೋ

ಇದರಲ್ಲಿ ಪ್ರೋಟೀನು ಸುಮಾರು ಶೇ. 17ರಷ್ಟು ದೊರೆಯುತ್ತದೆ. ಮೇಯಿಸುವುದರ ಜೊತೆಗೆ ಮೂವತ್ತು ಕಿಲೋ ತೂಗುವ ಗಬ್ಬದ ಕುರಿಗೆ ಕೊನೆಯ ಆರು ವಾರ ದಿನಕ್ಕೆ 250 ಗ್ರಾಂ, ಈದ ನಂತರದ ಆರು ವಾರ ದಿನಕ್ಕೆ 300 ಗ್ರಾಂ ನೀಡಬಹುದು. ಅವಳಿ ಮರಿ ಈದ ಕುರಿಗೆ 400 ಗ್ರಾಂವರೆಗೆ ಕೊಡಬೇಕು. ಒಮ್ಮೆಲೇ ಪೂರ್ಣ ಪ್ರಮಾಣ ಕೊಡದೆ ಹತ್ತು ದಿನಗಳಲ್ಲಿ ಕ್ರಮೇಣ ಏರಿಸಬೇಕು. ದಿನದ ಪಾಲನ್ನು ಬೆಳಿಗ್ಗೆ, ಸಂಜೆ ಎರಡು ಬಾರಿ ಹಂಚಬೇಕು. ಹಾಲಿನಲ್ಲಿ ಹೆಚ್ಚಿನ ಭಾಗ ನೀರೇ ಆಗಿರುವುದರಿಂದ ಶುದ್ಧ ನೀರು ಸದಾ ದೊರೆಯುವಂತಿರಬೇಕು.

ಇಪ್ಪತ್ತು ಕುರಿಗಳ ಹಟ್ಟಿಗೆ ಲೆಕ್ಕ ಹಾಕೋಣ. ಈಯುವ ಮೊದಲು 42 ದಿನಕ್ಕೆ 210 ಕಿಲೋ, ನಂತರದ 42 ದಿನಕ್ಕೆ 252 ಕಿಲೋ, ಒಟ್ಟು 462 ಕಿಲೋ ಮಿಶ್ರಣ ಬೇಕು. ಅದರಲ್ಲಿ ಜಾಲಿಕಾಯಿಯ ಪಾಲು ಸುಮಾರು 92 ಕಿಲೋ. ಅಂದರೆ ಒಂದು ಕುಟುಂಬವು ಬೇಸಗೆಯಲ್ಲಿ ಸುಮಾರು ಒಂದು ಕ್ವಿಂಟಾಲ್ ಕಾಯಿ ಆಯ್ದು ಒಣಗಿಸಿಟ್ಟರೆ ಅಷ್ಟು ತೂಕದ ಮೇವನ್ನು ಅಂಗಡಿಯಿಂದ ಕೊಳ್ಳುವ ಖರ್ಚು ಉಳಿಯುತ್ತದೆ.

ಸಹಜವಾದುದೆಲ್ಲವೂ ನಿರಪಾಯವಲ್ಲ

ಸೊಪ್ಪು, ಕಾಯಿ, ಹಿಂಡಿ ಎಂದ ಮಾತ್ರಕ್ಕೆ ಮಿತಿಯಿಲ್ಲದೆ ಕೊಡಬಹುದೆಂದು ತಿಳಿಯಬಾರದು. ಕೆಳಗಿನ ಎಚ್ಚರಿಕೆಗಳನ್ನು ಕುರಿಗಾರರಿಗೆ ಅವಶ್ಯವಾಗಿ ತಿಳಿಸಬೇಕು.

ಬೂಷ್ಟು ಹಿಡಿದ ಹಿಂಡಿ: ತೇವದಲ್ಲಿಟ್ಟ ಶೇಂಗಾ ಹಿಂಡಿ ಹಾಗೂ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತಿಗೆ ಹಾನಿ ಮಾಡುವುದಲ್ಲದೆ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ. ಈ ವಿಷಕ್ಕೆ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವು ಒಂದು ಕಿಲೋ ಹಾಲಿಗೆ 0.5 ಮೈಕ್ರೊಗ್ರಾಂ ಮಿತಿ ಹೇರಿದೆ. ಇಷ್ಟು ಸಣ್ಣ ಮಿತಿಯೇ ಇದರ ತೀವ್ರತೆಯನ್ನು ತಿಳಿಸುತ್ತದೆ. ಬೂಷ್ಟು ಕಂಡ ಹಿಂಡಿಯನ್ನು ಬಿಸಿಲಿಗೆ ಹಾಕಿ ಒಣಗಿಸಿದರೂ ಬಳಸಬಾರದು.

ದನದ ಖನಿಜ ಮಿಶ್ರಣ: ಕುರಿಯ ದೇಹವು ತಾಮ್ರವನ್ನು ಯಕೃತ್ತಿನಲ್ಲಿ ಕೂಡಿಡುತ್ತದೆ. ದನ ಅಥವಾ ಕೋಳಿಗಳಿಗೆಂದು ತಯಾರಿಸಿದ, ತಾಮ್ರ ಹೆಚ್ಚಿರುವ ಮಿಶ್ರಣವನ್ನು ದಿನವೂ ಕೊಟ್ಟರೆ ತಾಮ್ರದ ವಿಷದಿಂದ ಕುರಿ ಹಠಾತ್ತಾಗಿ ಸಾಯಬಹುದು. ಚೀಲದ ಮೇಲಿನ ಬರಹವನ್ನು ಓದಿ, ಪಶುವೈದ್ಯರ ಸಲಹೆ ಪಡೆದೇ ಕೊಳ್ಳಬೇಕು.

ಸುಬಾಬುಲ್: ಇದರಲ್ಲಿರುವ ಮೈಮೊಸಿನ್ ಎಂಬ ಅಂಶದಿಂದ ಉಣ್ಣೆ ಉದುರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಒಟ್ಟು ಮೇವಿನ ಮೂರನೆಯ ಒಂದು ಭಾಗವನ್ನು ಇದು ಮೀರಬಾರದು.

ಬಳ್ಳಾರಿ ಜಾಲಿ: ಇಡೀ ಕಾಯಿಯನ್ನು ತಿನ್ನಿಸಿದರೆ ಗಟ್ಟಿ ಬೀಜಗಳು ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಬಂದು ಗೋಮಾಳದ ತುಂಬ ಮೊಳೆಯುತ್ತವೆ. ಚೆನ್ನಾಗಿ ಒಣಗಿಸಿ ಬೀಜಸಹಿತ ಹಿಟ್ಟು ಮಾಡಿದರೆ ಪೋಷಣೆಯೂ ಹೆಚ್ಚು, ಮುಳ್ಳುಗಿಡದ ಹರಡುವಿಕೆಯೂ ಕಡಿಮೆ. ಬಹುಕಾಲ ಕಾಯಿಯನ್ನೇ ಮುಖ್ಯ ಆಹಾರವಾಗಿ ತಿಂದ ದನ, ಆಡುಗಳಲ್ಲಿ ದವಡೆಯ ನರಗಳ ತೊಂದರೆ ಕಂಡುಬಂದಿದೆ. ಆದ್ದರಿಂದ ಮಿಶ್ರಣದ ಶೇ. 20ರ ಮಿತಿಯನ್ನು ಪಾಲಿಸಬೇಕು.

ಧಾನ್ಯದ ಅತಿಸೇವನೆ: ಕಣದಲ್ಲಿ ರಾಶಿಗೆ ಬಾಯಿ ಹಾಕಿದ ಕುರಿಗೆ ಹೊಟ್ಟೆ ಹುಳಿತು ಉಬ್ಬರವಾಗುತ್ತದೆ. ಕರುಳುಬೇನೆಯೂ ಇದರಿಂದ ಕೆರಳುತ್ತದೆ. ಈ ಬೇನೆಗೆ ಲಸಿಕೆ ಇದ್ದು, ಗಬ್ಬದ ಕುರಿಗೆ ಪಶುವೈದ್ಯರು ಸೂಚಿಸಿದ ಸಮಯಕ್ಕೆ ಹಾಕಿಸಿದರೆ ಗಿಣ್ಣದ ಮೂಲಕ ಮರಿಗೂ ರಕ್ಷಣೆ ದೊರೆಯುತ್ತದೆ.

ಎಳೆಯ ಜೋಳ: ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರು ಹಾಗೂ ಕೊಯ್ಲಿನ ನಂತರ ಚಿಗುರಿದ ಕುಳೆಯಲ್ಲಿ ಸಯನೈಡ್ ವಿಷ ಇರುತ್ತದೆ. ಅಂತಹ ಹೊಲಕ್ಕೆ ಹಿಂಡನ್ನು ಬಿಡಬಾರದು.

ಹತ್ತಿಕಾಳು ಮತ್ತು ಯೂರಿಯಾ: ದೊಡ್ಡ ಕುರಿಗಳು ಸ್ವಲ್ಪ ಹತ್ತಿಕಾಳಿನ ಹಿಂಡಿಯನ್ನು ತಾಳಿಕೊಳ್ಳುತ್ತವೆ, ಮರಿಗಳು ತಾಳಲಾರವು. ಯೂರಿಯಾ ಬೆರೆತ ಮೇವನ್ನು ಮರಿಗಳಿಗೆ ಕೊಡಲೇಬಾರದು.

ಗ್ರಾಮ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಒಂದನೇ ಅನುಸೂಚಿಯಲ್ಲಿ ಗೋಮಾಳಗಳ ಅಭಿವೃದ್ಧಿ ಮತ್ತು ನಿರ್ವಹಣೆ ಹಾಗೂ ಪಶುಸಂಗೋಪನೆಯು ಗ್ರಾಮ ಪಂಚಾಯತಿಯ ಪ್ರಕಾರ್ಯಗಳ ಪಟ್ಟಿಯಲ್ಲಿವೆ. ಆದುದರಿಂದ ಈ ವಿಷಯವು ಪಂಚಾಯತಿಯ ಕಾರ್ಯವ್ಯಾಪ್ತಿಯೊಳಗೇ ಬರುತ್ತದೆ. ಈ ದಿಸೆಯಲ್ಲಿ ಸದಸ್ಯರು ಈ ಕೆಳಗಿನವುಗಳನ್ನು ಪರಿಶೀಲಿಸಬಹುದು.

1. ವಾರ್ಷಿಕ ಕ್ರಿಯಾ ಯೋಜನೆ ಸಿದ್ಧಪಡಿಸುವಾಗ ಗೋಮಾಳದ ಅಂಚು, ಕೆರೆಯ ಏರಿಯ ಕೆಳಭಾಗ ಹಾಗೂ ರಸ್ತೆಬದಿಯಲ್ಲಿ ಮೇವಿನ ಮರಗಳನ್ನು ನೆಡುವ ಕಾಮಗಾರಿಯನ್ನು ಚಾಲ್ತಿಯಲ್ಲಿರುವ ಗ್ರಾಮೀಣ ಉದ್ಯೋಗ ಯೋಜನೆಯ ಮಾರ್ಗಸೂಚಿಗೆ ಒಳಪಟ್ಟು ಸೇರಿಸುವುದು. ಒಂದೇ ಜಾತಿಯ ಮರ ನೆಡದೆ ಚೊಗಚೆ, ನುಗ್ಗೆ, ಗೊಬ್ಬರದ ಗಿಡ, ಕರಿಜಾಲಿಗಳನ್ನು ಬೆರೆಸಿ ನೆಡುವುದು.

2. ಸಾರ್ವಜನಿಕ ಜಾಗದ ಜಾಲಿಮರಗಳನ್ನು ಹರಾಜು ಹಾಕುವ ಅಥವಾ ತೆರವುಗೊಳಿಸುವ ಮೊದಲು ಕಾಯಿಯ ಬಳಕೆಯ ಬಗ್ಗೆ ಗ್ರಾಮ ಸಭೆಯಲ್ಲಿ ಕುರಿಗಾರರ ಅಭಿಪ್ರಾಯ ಕೇಳುವುದು.

3. ಕಾಯಿ ಆಯುವ, ಒಣಗಿಸುವ ಹಾಗೂ ಹಿಟ್ಟು ಮಾಡಿ ಮಾರುವ ಕೆಲಸವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸುವ ಸಾಧ್ಯತೆಯನ್ನು ಚರ್ಚಿಸುವುದು. ಭೂಮಿಯಿಲ್ಲದ ಕುಟುಂಬಗಳಿಗೆ ಬೇಸಗೆಯಲ್ಲಿ ಇದೊಂದು ಆದಾಯವಾಗುತ್ತದೆ.

4. ಈಯುವ ಕಾಲಕ್ಕೆ ಎರಡು ತಿಂಗಳು ಮುಂಚಿತವಾಗಿ ಪಶುವೈದ್ಯಾಧಿಕಾರಿ ಹಾಗೂ ಪಶುಸಖಿಯರ ನೆರವಿನಿಂದ ಹಟ್ಟಿಗಳಲ್ಲಿಯೇ ತಿಳಿವಳಿಕೆ ಸಭೆ ಏರ್ಪಡಿಸುವುದು. ಕುರಿಗಾರರು ಹಗಲು ಮೇಯಿಸಲು ಹೋಗುವುದರಿಂದ ಸಭೆಯು ಸಂಜೆ ಕುರಿಗಳು ಮರಳಿದ ನಂತರ ನಡೆಯುವಂತಿರಬೇಕು. ಮರಿಗಳ ಆರೈಕೆ ಮಾಡುವ ಮಹಿಳೆಯರು ತಪ್ಪದೆ ಭಾಗವಹಿಸುವಂತೆ ನೋಡಿಕೊಳ್ಳಬೇಕು.

5. ಗೋಮಾಳದ ಬಳಿ ಕುಡಿಯುವ ನೀರಿನ ತೊಟ್ಟಿಗಳು ಬೇಸಗೆಯಲ್ಲಿ ತುಂಬಿರುವಂತೆ ನೋಡಿಕೊಳ್ಳುವುದು.

6. ಪ್ರತಿ ಹಟ್ಟಿಯಲ್ಲಿ ಹುಟ್ಟಿದ ಮರಿಗಳ ಹಾಗೂ ಮೂರು ತಿಂಗಳೊಳಗೆ ಸತ್ತ ಮರಿಗಳ ಸಂಖ್ಯೆಯನ್ನು ಸರಳವಾದ ವಹಿಯಲ್ಲಿ ದಾಖಲಿಸುವಂತೆ ಕುರಿಗಾರರನ್ನು ಪ್ರೇರೇಪಿಸುವುದು. ಈ ಎರಡು ಅಂಕಿಗಳಿಲ್ಲದೆ ಯಾವ ಕ್ರಮ ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಅರಿಯಲು ಸಾಧ್ಯವಿಲ್ಲ.

ಇವುಗಳಲ್ಲಿ ಬಹುತೇಕ ಕ್ರಮಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಕಣದಲ್ಲಿ ಸುಡುವ ಹೊಟ್ಟನ್ನು ಉಳಿಸುವುದು, ನೆಲಕ್ಕೆ ಬಿದ್ದ ಕಾಯಿಯನ್ನು ಆಯುವುದು, ಬದುವಿನ ಮೇಲೆ ನಾಲ್ಕು ಸೊಪ್ಪಿನ ಗಿಡ ಬೆಳೆಸುವುದು ಊರಿನವರಿಂದಲೇ ಆಗಬಹುದಾದ ಕೆಲಸಗಳು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಬರುವ ಬೇಸಗೆಗೆ ಮುನ್ನ ಮೇವಿನ ಸಂಗ್ರಹದ ಬಗ್ಗೆ ನಿರ್ಣಯ ಕೈಗೊಳ್ಳುವಂತೆ ಮಾನ್ಯ ಸದಸ್ಯರನ್ನು ಕೋರಲಾಗಿದೆ.